ಇನ್ಸುಲಿನ್ ಸುರಿಸುವ ಕೋಶಕ್ಕೆ ನಿಯಂತ್ರಣ ಸಿದ್ಧಾಂತ: ಒಂದು ಸ್ಪ್ರೆಡ್‌ಶೀಟಿನಲ್ಲಿ ಕಟ್ಟಿ ನೋಡುವ ಸಮಗ್ರ ಮಾರ್ಗದರ್ಶಿ

ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗದಲ್ಲಿ ಹೊಲ ಇರುವವರಿಗೆ ಒಂದು ಸಂಗತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮುನಿರಾಬಾದಿನಲ್ಲಿ ನೀರು ಬಿಟ್ಟ ದಿನ ಬೇರೆ, ನಮ್ಮ ತೂಬಿಗೆ ನೀರು ಮುಟ್ಟುವ ದಿನ ಬೇರೆ. ನಡುವೆ ಗೇಜ್ ಇಳಿಯಿತೆಂದು ಗಲಾಟೆ ಮಾಡಿ ಹೆಚ್ಚು ಬಿಡಿಸಿಕೊಂಡರೆ, ಆ ಹೆಚ್ಚಿನ ನೀರು ಬಂದು ಸೇರುವ ಹೊತ್ತಿಗೆ ಮಳೆಯೂ ಹಿಡಿದು ಗದ್ದೆ ಕೆರೆಯಾಗಿರುತ್ತದೆ. ಬಳ್ಳಾರಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಟ್ರೋಲ್ ಸಿಸ್ಟಮ್ಸ್, ಅಂದರೆ ಅಳೆದು ನೋಡಿ ತನ್ನನ್ನು ತಾನೇ ತಿದ್ದಿಕೊಳ್ಳುವ ವ್ಯವಸ್ಥೆಗಳ ಪಾಠ ಹೇಳುವಾಗ, ವಿಳಂಬದ ಅಧ್ಯಾಯಕ್ಕೆ ನಾನು ಬೇರೆ ಉದಾಹರಣೆ ಹುಡುಕಿದ್ದೇ ಇಲ್ಲ.

ಅದೇ ಪಾಠ ಮನೆಯೊಳಗೆ ಬಂದದ್ದು ನನ್ನ ತಂಗಿಯ ಮಗಳಿಗೆ ಹನ್ನೊಂದನೇ ವಯಸ್ಸಿನಲ್ಲಿ ಟೈಪ್ 1 ಸಕ್ಕರೆ ಕಾಯಿಲೆ ಬಂದಾಗ. ಒಂದು ರಾತ್ರಿ ಊಟವಾದ ಮೇಲೆ ಮೀಟರ್ 310 ತೋರಿಸಿತು. ಸೂಜಿ ಹಾಕಿಕೊಂಡಳು. ಒಂದು ಗಂಟೆ ಬಿಟ್ಟು ನೋಡಿದರೆ 295. ಇಳಿದೇ ಇಲ್ಲವಲ್ಲ ಎಂದು ದಿಗಿಲಾಗಿ ನಾವೇ ಇನ್ನೊಂದು ಸೂಜಿ ಹಾಕಿಸಿದೆವು. ರಾತ್ರಿ ಮೂರಕ್ಕೆ ಮೈಯೆಲ್ಲ ಬೆವೆತು, ಕೈ ನಡುಗುತ್ತ ಎದ್ದಳು. ಮೀಟರ್ 46. ಸಕ್ಕರೆ ನೀರು ಕುಡಿಸಿ, ಕಾಲು ಗಂಟೆಗೊಮ್ಮೆ ಬೆರಳು ಚುಚ್ಚಿ, ಬೆಳಗಾಗುವ ತನಕ ಪಕ್ಕದಲ್ಲಿ ಕೂತಿದ್ದೆವು. ಮೊದಲನೇ ಸೂಜಿ ಕೆಲಸ ಮಾಡುತ್ತಲೇ ಇತ್ತು, ನಮಗೆ ಕಾಣುತ್ತಿರಲಿಲ್ಲ, ಅಷ್ಟೆ. ಮರುದಿನ ಅವಳು ಕೇಳಿದಳು: "ಮಾಮಾ, ಸೂಜಿ ಬದ್ಲಿ ಇನ್ಸುಲಿನ್ ಮಾಡೋ ಕೋಶಾನ ಮೈಯಾಗ ಹಾಕಿಬಿಟ್ರ ಆಗಂಗಿಲ್ಲೇನು?"

ಆಗುತ್ತದೆ, ಆಗುತ್ತಲೂ ಇದೆ. ಆದರೆ ಇನ್ಸುಲಿನ್ ಮಾಡಬಲ್ಲ ಕೋಶ ಸಾಕಾಗುವುದಿಲ್ಲ. ಯಾವಾಗ ಶುರು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಯಾವಾಗ ನಿಲ್ಲಿಸಬೇಕು ಎಂದು ಗೊತ್ತಿರುವ ಕೋಶ ಬೇಕು. ಕೋಶದ ಶಕ್ತಿಗಿಂತ ಅದರ ತಡವೇ ಹಣೆಬರಹ ಬರೆಯುತ್ತದೆ. ಈ ಮಾರ್ಗದರ್ಶಿ ಅದನ್ನು ಮನೆಯ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಲು. ಕೋಶವನ್ನು ಮಾಡುವುದು ಅನುಮತಿ ಪಡೆದ ಪ್ರಯೋಗಾಲಯದ ಕೆಲಸ. ಇಲ್ಲಿನ ಯಾವ ಅಂಕಿಯನ್ನೂ ನಿಮ್ಮ ಅಥವಾ ಮಕ್ಕಳ ಸೂಜಿಯ ಡೋಸ್‌ಗೆ ಬಳಸಬೇಡಿ, ಅದು ವೈದ್ಯರೊಂದಿಗೆ ಮಾತಾಡಿ ತೀರ್ಮಾನಿಸುವಂಥದ್ದು.

ಬೇಕಾದದ್ದು: ಲಿಬ್ರೆಆಫೀಸ್ ಕ್ಯಾಲ್ಕ್‌ನಂಥ ಯಾವುದಾದರೂ ಸ್ಪ್ರೆಡ್‌ಶೀಟ್, ಪಿಯುಸಿ ಮಟ್ಟದ ಗಣಿತ, ಮತ್ತು ಎರಡು ಸಂಜೆ.

ಶುರು ಮಾಡುವ ಮುಂಚೆ: ಅಸಲಿ ಕೋಶ ಏನು ಮಾಡುತ್ತದೆ

ಮೇದೋಜೀರಕ ಗ್ರಂಥಿಯಲ್ಲಿ ಸುಮಾರು 10 ಲಕ್ಷ ಪುಟ್ಟ ದ್ವೀಪಗಳಿವೆ. ಅವುಗಳೊಳಗಿನ ಬೀಟಾ ಕೋಶಗಳು ಇನ್ಸುಲಿನ್ ಮಾಡುತ್ತವೆ. ರಕ್ತದ ಗ್ಲೂಕೋಸ್ ಕೋಶದೊಳಗೆ ಬರುತ್ತದೆ, ಗ್ಲುಕೋಕೈನೇಸ್ ಎಂಬ ಕಿಣ್ವ ಅದನ್ನು ಹಿಡಿಯುತ್ತದೆ. ಗ್ಲೂಕೋಸನ್ನು ಅಳೆಯುವ ಸೆನ್ಸರ್ ಎಂದರೆ ಇದೇ ಕಿಣ್ವ. ಗ್ಲೂಕೋಸ್ ಉರಿದು ಎಟಿಪಿ ಎಂಬ ಶಕ್ತಿಯ ಅಣು ಹೆಚ್ಚಾದಾಗ ಪೊಟ್ಯಾಸಿಯಂ ಬಾಗಿಲು ಮುಚ್ಚುತ್ತದೆ, ಪೊರೆಯ ವೋಲ್ಟೇಜ್ ಏರುತ್ತದೆ, ಕ್ಯಾಲ್ಸಿಯಂ ಬಾಗಿಲು ತೆರೆಯುತ್ತದೆ, ಮೊದಲೇ ಮಾಡಿಟ್ಟಿದ್ದ ಇನ್ಸುಲಿನ್ ಪೊಟ್ಟಣಗಳು ಒಡೆದು ಹೊರಬೀಳುತ್ತವೆ. ಇದೆಲ್ಲ ಕೆಲವೇ ನಿಮಿಷಗಳ ಆಟ. ಗ್ಲೂಕೋಸ್ ಇಳಿದರೆ ಅಷ್ಟೇ ಬೇಗ ನಿಲ್ಲುತ್ತದೆ. "ಮೊದಲೇ ಮಾಡಿಟ್ಟಿದ್ದ" ಎಂಬುದನ್ನು ನೆನಪಿಡಿ, ಮುಂದಿನ ಹೆಜ್ಜೆಗಳೆಲ್ಲ ಅದರ ಸುತ್ತಲೇ ತಿರುಗುತ್ತವೆ.

ಈಗ ಪ್ರಯೋಗಾಲಯಗಳಲ್ಲಿ ಎರಡು ದಾರಿಗಳಿವೆ. ಒಂದು, ಸ್ಟೆಮ್ ಸೆಲ್‌ಗಳನ್ನು ಹಂತಹಂತವಾಗಿ ಬೆಳೆಸಿ ಬೀಟಾ ಕೋಶವನ್ನೇ ಮಾಡುವುದು. 2014ರಲ್ಲಿ ಡಗ್ಲಸ್ ಮೆಲ್ಟನ್ ಅವರ ತಂಡ ಈ ದಾರಿಯಲ್ಲಿ ದೊಡ್ಡ ಹೆಜ್ಜೆ ಇಟ್ಟಿತು. ಹೀಗೆ ಮಾಡಿದ ಜಿಮಿಸ್ಲೆಸೆಲ್ ಎಂಬ ಕೋಶಗಳ ಮೇಲೆ 2025ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಪೂರ್ಣ ಡೋಸ್ ಪಡೆದ 12 ಮಂದಿಯಲ್ಲಿ 10 ಮಂದಿ ಒಂದು ವರ್ಷದ ಹೊತ್ತಿಗೆ ಹೊರಗಿನ ಇನ್ಸುಲಿನ್ ಬಿಟ್ಟಿದ್ದರು. ಆದರೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಗಳು ಅವರಿಗೆ ಬೇಕೇ ಬೇಕು. ಇನ್ನೊಂದು ದಾರಿ, ಬೇರೆ ಜಾತಿಯ ಕೋಶಕ್ಕೆ ಹೊಸ ಸರ್ಕ್ಯೂಟ್ ಜೋಡಿಸುವುದು. 2016ರಲ್ಲಿ ಮಾರ್ಟಿನ್ ಫುಸ್ಸೆನೆಗ್ಗರ್ ಅವರ ತಂಡ ಮಾನವ ಮೂತ್ರಪಿಂಡ ಮೂಲದ ಎಚ್‌ಇಕೆ-293 ಕೋಶಕ್ಕೆ ಕ್ಯಾಲ್ಸಿಯಂ ಬಾಗಿಲು ಸೇರಿಸಿ, ಆ ಕ್ಯಾಲ್ಸಿಯಂ ಏರಿದಾಗ ಇನ್ಸುಲಿನ್ ಜೀನ್ ಚಾಲೂ ಆಗುವಂತೆ ಮಾಡಿತು. ಇಲಿಗಳಲ್ಲಿ ಅದು ಸಕ್ಕರೆಯನ್ನು ಹತೋಟಿಗೆ ತಂದಿತು. ಆದರೆ ಜೀನ್ ಓದಿ, ಪ್ರೋಟೀನ್ ಕಟ್ಟಿ, ಹೊರಗೆ ಕಳಿಸುವಷ್ಟರಲ್ಲಿ ಗಂಟೆಗಳೇ ಹಿಡಿಯುತ್ತವೆ. 2020ರಲ್ಲಿ ಅದೇ ತಂಡ ವಿದ್ಯುತ್ ಸಂಕೇತ ಕೊಟ್ಟರೆ ಮೊದಲೇ ತುಂಬಿಟ್ಟ ಪೊಟ್ಟಣಗಳು ಒಡೆಯುವ ಕೋಶ ಮಾಡಿ ತೋರಿಸಿತು. ಆ ಎರಡು ಕೆಲಸಗಳ ನಡುವಿನ ವ್ಯತ್ಯಾಸ ನಿಯಂತ್ರಣ ಸಿದ್ಧಾಂತ ಓದಿದವರಿಗೆ ಮೈ ಜುಮ್ಮೆನ್ನಿಸುವಂಥದ್ದು. ಏಕೆಂದು ಹೆಜ್ಜೆ 3ರಲ್ಲಿ ಲೆಕ್ಕವೇ ಹೇಳುತ್ತದೆ.

ಹೆಜ್ಜೆ 1: ದೇಹವನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ

ರಿಚರ್ಡ್ ಬರ್ಗ್‌ಮನ್ ಮತ್ತು ಸಂಗಡಿಗರು 1979ರಲ್ಲಿ ಕೊಟ್ಟ "ಮಿನಿಮಲ್ ಮಾಡೆಲ್" ಇಂದಿಗೂ ಕಲಿಯುವವರ ಮೊದಲ ಮೆಟ್ಟಿಲು. ಅದನ್ನು ಸ್ವಲ್ಪ ತಿದ್ದಿ ಇಲ್ಲಿ ಬಳಸುತ್ತೇನೆ. ಅಂಕಿಗಳು ಯಾವ ರೋಗಿಯದ್ದೂ ಅಲ್ಲ. ವಯಸ್ಕ ದೇಹಕ್ಕೆ ಹೊಂದುವ ಗಾತ್ರದಲ್ಲಿ ನಾನೇ ಆರಿಸಿಕೊಂಡವು.

ಆರು ಅಂಕಣ ಮಾಡಿ: ಕಾಲ, ಊಟ, ಗ್ಲೂಕೋಸ್, ಪರಿಣಾಮ, ಇನ್ಸುಲಿನ್, ಸ್ರಾವ. ಒಂದು ಸಾಲು ಎಂದರೆ ಒಂದು ನಿಮಿಷ. 24 ಗಂಟೆಗೆ 1440 ಸಾಲು.

ಹೊಸ ಗ್ಲೂಕೋಸ್ = ಹಳೆಯದು + 0.99 − (0.003 + ಪರಿಣಾಮ) × ಹಳೆಯದು + ಊಟ

ಹೊಸ ಪರಿಣಾಮ = ಹಳೆಯದು − 0.02 × ಹಳೆಯದು + 0.000016 × ಇನ್ಸುಲಿನ್

ಹೊಸ ಇನ್ಸುಲಿನ್ = ಹಳೆಯದು − 0.14 × ಹಳೆಯದು + ಸ್ರಾವ

ಊಟ = 450 × ನಿಮಿಷ ÷ 1600 × ಎಕ್ಸ್‌ಪ್(−ನಿಮಿಷ ÷ 40)

ಮೊದಲ ಸೂತ್ರದ 0.99 ಎಂದರೆ ಯಕೃತ್ತು ನಿಮಿಷಕ್ಕೆ ರಕ್ತಕ್ಕೆ ಬಿಡುವ ಸಕ್ಕರೆ, ಪ್ರತಿ ಡೆಸಿಲೀಟರ್‌ಗೆ ಮಿಲಿಗ್ರಾಂ ಲೆಕ್ಕದಲ್ಲಿ. 0.003 ಎಂದರೆ ಇನ್ಸುಲಿನ್ ನೆರವಿಲ್ಲದೆ ತಾನಾಗಿ ಖರ್ಚಾಗುವ ಪಾಲು. ಎರಡನೇ ಸೂತ್ರ ಏಕೆ ಬೇಕೆಂದರೆ, ರಕ್ತದಲ್ಲಿ ಇನ್ಸುಲಿನ್ ಏರಿದ ಕೂಡಲೇ ಸಕ್ಕರೆ ಇಳಿಯುವುದಿಲ್ಲ, ಸ್ನಾಯುವಿನಲ್ಲಿ ಅದರ ಪರಿಣಾಮ ಸುಮಾರು 50 ನಿಮಿಷದ ಗತಿಯಲ್ಲಿ ಮೂಡುತ್ತದೆ. ಮೂರನೆಯ ಸೂತ್ರದ 0.14, ರಕ್ತದಲ್ಲಿ ಇನ್ಸುಲಿನ್ ಸುಮಾರು 5 ನಿಮಿಷಕ್ಕೆ ಅರ್ಧವಾಗುವುದರಿಂದ ಬಂದದ್ದು. ಊಟದ ಸೂತ್ರದಲ್ಲಿ ನಿಮಿಷ ಎಂದರೆ ಉಣ್ಣಲು ಶುರು ಮಾಡಿದ ಮೇಲೆ ಕಳೆದ ನಿಮಿಷ. ಆ ಸೂತ್ರ ಕಾರ್ಬೋಹೈಡ್ರೇಟ್ ಸುಮಾರು 60 ಗ್ರಾಂ ಇರುವ ಒಂದು ಊಟಕ್ಕೆ ಹತ್ತಿರ.

ಹಾಳೆಯ ಮೊದಲ ಸಾಲಿಗೆ ಗ್ಲೂಕೋಸ್ 90, ಪರಿಣಾಮ 0.008, ಇನ್ಸುಲಿನ್ 10, ಸ್ರಾವ 1.4 ಹಾಕಿ. ಊಟ ಸೊನ್ನೆ ಇಟ್ಟರೆ ಯಾವುದೂ ಅಲುಗಬಾರದು. ಅಲುಗಿದರೆ ಟೈಪಿಂಗ್ ತಪ್ಪಿದೆ, ಮುಂದೆ ಹೋಗಬೇಡಿ. ಈಗ ಸ್ರಾವ ಸೊನ್ನೆ ಮಾಡಿ: ಗ್ಲೂಕೋಸ್ ನಿಧಾನವಾಗಿ ಏರಿ 330ರ ಕಡೆ ಹೋಗುತ್ತದೆ. ಇನ್ಸುಲಿನ್ ಇಲ್ಲದ ದೇಹ ಎಂದರೆ ಇದು. ಮತ್ತೆ ಸ್ರಾವವನ್ನು 1.4ಕ್ಕೇ ಕಟ್ಟಿಹಾಕಿ, ಊಟ ಕೊಡಿ: ಸುಮಾರು 105ನೇ ನಿಮಿಷಕ್ಕೆ ಗ್ಲೂಕೋಸ್ 285ರ ಆಸುಪಾಸಿನಲ್ಲಿ ಶಿಖರ ಮುಟ್ಟುತ್ತದೆ. ಈ ಎರಡೂ ಬಂದರೆ ನಿಮ್ಮ ಹಾಳೆ ಸರಿ ಇದೆ.

ಹೆಜ್ಜೆ 2: ಆರೋಗ್ಯವಂತ ಕೋಶದ ನಿಯಮ ಬರೆಯಿರಿ

ಸ್ರಾವದ ಅಂಕಣಕ್ಕೆ ಈಗ ಸೂತ್ರ:

ಸ್ರಾವ = 10.57 × ಗ್ಲೂಕೋಸ್⁴ ÷ (144⁴ + ಗ್ಲೂಕೋಸ್⁴)

144 ಎಲ್ಲಿಂದ? ಗ್ಲುಕೋಕೈನೇಸ್ ಅರ್ಧ ವೇಗ ಮುಟ್ಟುವುದು ಲೀಟರಿಗೆ ಸುಮಾರು 8 ಮಿಲಿಮೋಲ್ ಗ್ಲೂಕೋಸ್ ಇದ್ದಾಗ. 18ರಿಂದ ಗುಣಿಸಿದರೆ ಡೆಸಿಲೀಟರ್‌ಗೆ 144 ಮಿಲಿಗ್ರಾಂ. ಈ ಸೂತ್ರ ಗ್ಲೂಕೋಸ್ 60 ಇದ್ದಾಗ 0.3, 90ಕ್ಕೆ 1.4, 180ಕ್ಕೆ 7.5 ಸ್ರಾವ ಕೊಡುತ್ತದೆ. ಕೆಳಗೆ ಬಹುತೇಕ ಮುಚ್ಚಿದೆ, ನಡುವೆ ಕಡಿದಾಗಿದೆ, ಮೇಲೆ ಮಟ್ಟಸವಾಗಿದೆ. ಈ ಎಸ್ ಆಕಾರವನ್ನು ಬಂಗಾರದ ಹಾಗೆ ಜೋಪಾನ ಮಾಡಬೇಕು. ನಡುವಿನ ಆ ಕಡಿದಾದ ಭಾಗದಲ್ಲಿ ಗ್ಲೂಕೋಸ್ 1 ಏರಿದರೆ ಸ್ರಾವ 0.05ರಿಂದ 0.08 ಏರುತ್ತದೆ. ಇದನ್ನೇ ಇಂಜಿನಿಯರುಗಳು ಗೇನ್ ಅನ್ನುವುದು. ನಾನು ಬಿರುಸು ಅನ್ನುತ್ತೇನೆ. ಆರೋಗ್ಯವಂತ ಬಿರುಸು ಸುಮಾರು 0.07 ಎಂದಿಟ್ಟುಕೊಳ್ಳಿ.

ಹೆಜ್ಜೆ 3: ತಡ ಸೇರಿಸಿ

ಇದು ಇಡೀ ಕೆಲಸದ ಹೃದಯ, ಇಲ್ಲಿ ಅವಸರ ಬೇಡ.

ಸ್ರಾವದ ಸೂತ್ರ ಈ ಸಾಲಿನ ಗ್ಲೂಕೋಸ್ ನೋಡುವ ಬದಲು ಇಷ್ಟು ಸಾಲು ಮೇಲಿನ ಗ್ಲೂಕೋಸ್ ನೋಡುವಂತೆ ಮಾಡಿ. ಐದು ಸಾಲು ಮೇಲೆ ನೋಡಿದರೆ ಐದು ನಿಮಿಷದ ತಡ. 120 ಸಾಲು ಮೇಲೆ ನೋಡಿದರೆ ಎರಡು ಗಂಟೆ. ಶುರುವಿನ ಸಾಲುಗಳಿಗೆ ಹಿಂದಿನ ಗ್ಲೂಕೋಸ್ 90 ಎಂದು ತುಂಬಿ.

ಐದು ನಿಮಿಷದ ತಡದಲ್ಲಿ ಊಟ ಕೊಟ್ಟು ನೋಡಿ, ಗೆರೆ ಏರಿ ಸಮಾಧಾನವಾಗಿ ಇಳಿಯುತ್ತದೆ. ಈಗ ತಡವನ್ನು 120 ಮಾಡಿ, ಬೇರೆ ಏನನ್ನೂ ಮುಟ್ಟಬೇಡಿ. ಮೊದಲ ಎರಡು ಗಂಟೆ ಕೋಶಕ್ಕೆ ಊಟದ ಸುದ್ದಿಯೇ ಮುಟ್ಟಿಲ್ಲ. ಶಿಖರ ಅದೇ 285. ಆಮೇಲೆ ಇನ್ಸುಲಿನ್ ಧೋ ಎಂದು ಸುರಿಯುತ್ತದೆ. ಗ್ಲೂಕೋಸ್ ಇಳಿದು ನೆಲ ಕಂಡರೂ ಕೋಶ ಇನ್ನೂ ಎರಡು ಗಂಟೆ ಹಿಂದಿನ 285 ಅನ್ನೇ ನೋಡುತ್ತ ಸುರಿಸುತ್ತಲೇ ಇರುತ್ತದೆ. ಐದು ಗಂಟೆ ತುಂಬುವಷ್ಟರಲ್ಲಿ ಗ್ಲೂಕೋಸ್ 54ರ ಕೆಳಗೆ, ವೈದ್ಯರು ಗಂಭೀರ ಎಂದು ಎಣಿಸುವ ಮಟ್ಟಕ್ಕೆ, ಬಿದ್ದಿರುತ್ತದೆ. ಈ ಗೆರೆಯನ್ನು ಮೊದಲ ಸಲ ಪರದೆಯ ಮೇಲೆ ಕಂಡಾಗ ನಮ್ಮ ಆ ರಾತ್ರಿಯೇ ಅಲ್ಲಿ ಬರೆದಿಟ್ಟಂತೆ ಇತ್ತು. ಎರಡನೇ ಸೂಜಿ ಹಾಕಿದ ಕೈ ನನ್ನದು, ಇಲ್ಲಿ ಕೋಶದ್ದು, ತಪ್ಪು ಒಂದೇ.

ಮಾದರಿ ಕೋಶ ದುರ್ಬಲವಾಗಿ ಸೋತದ್ದಲ್ಲ ಎಂಬುದನ್ನು ಗಮನಿಸಿ. ಶಕ್ತಿ ಬೇಕಾದಷ್ಟಿತ್ತು. ಇನ್ನಷ್ಟು ಶಕ್ತಿ ಕೊಟ್ಟರೆ ಇನ್ನಷ್ಟು ಕೆಳಗೆ ಬೀಳುತ್ತದೆ.

ಹೆಜ್ಜೆ 4: ತಡಕ್ಕೆ ತಕ್ಕ ಬಿರುಸು ಎಷ್ಟು

ಲೆಕ್ಕ ಹಗುರಾಗಲೆಂದು ವಕ್ರರೇಖೆಯನ್ನು ಪಕ್ಕಕ್ಕಿಟ್ಟು ನೇರಗೆರೆ ತೆಗೆದುಕೊಳ್ಳಿ: ಸ್ರಾವ = 1.4 + ಬಿರುಸು × (ತಡವಾಗಿ ಕಂಡ ಗ್ಲೂಕೋಸ್ − 90), ಸೊನ್ನೆಗಿಂತ ಕಡಿಮೆಯಾದರೆ ಸೊನ್ನೆ. ಊಟ ಬೇಡ. ಆರಂಭದ ಗ್ಲೂಕೋಸನ್ನು ಮಾತ್ರ 100ಕ್ಕೆ ಎತ್ತಿಟ್ಟು ಬಿಡಿ. ಅಲೆ ಸಣ್ಣದಾಗುತ್ತ ಹೋದರೆ ಆ ಬಿರುಸು ನಡೆಯುತ್ತದೆ. ದೊಡ್ಡದಾಗುತ್ತ ಹೋದರೆ ಇಲ್ಲ. ಅಲೆ ಏರದೆ ಇಳಿಯದೆ ಹಾಗೇ ತೂಗಾಡುವ ಬಿರುಸೇ ಗಡಿ.

ಕಾಗದದ ಮೇಲೆ ಮಾಡುವವರು 90ರ ಸುತ್ತ ರೇಖೀಯಗೊಳಿಸಿ. ಗ್ಲೂಕೋಸ್‌ನಿಂದ ಸ್ರಾವಕ್ಕೆ, ಸ್ರಾವದಿಂದ ಮತ್ತೆ ಗ್ಲೂಕೋಸ್‌ಗೆ ಸುತ್ತುವ ಈ ಸರಪಳಿಗೆ ಲೂಪ್ ಎನ್ನುತ್ತಾರೆ. ಲೂಪಿನ ಮೂರು ಮಂದಗತಿಗಳು 0.011, 0.02 ಮತ್ತು 0.14, ಅವುಗಳ ಕಲೆಕೋನಕ್ಕೆ (ಫೇಸ್) ತಡದ ಕೋನ ಸೇರಿಸಿ ಒಟ್ಟು 180 ಡಿಗ್ರಿ ಆಗುವ ಆವರ್ತನ ಹುಡುಕಿ, ಅಲ್ಲಿ ಲೂಪಿನ ಗೇನ್ 1 ಆಗುವ ಬಿರುಸನ್ನು ಬಿಡಿಸಿ. ನನಗೆ ಬಂದ ಗಡಿಗಳು ಹೀಗಿವೆ: ತಡವೇ ಇಲ್ಲದಿದ್ದರೆ ಸುಮಾರು 0.5. ತಡ 10 ನಿಮಿಷ ಇದ್ದರೆ 0.2. ತಡ 50 ನಿಮಿಷ ಇದ್ದರೆ 0.07. ತಡ 120 ನಿಮಿಷ ಇದ್ದರೆ 0.04.

50 ನಿಮಿಷದ ಸಾಲಿನ ಮೇಲೆ ಬೆರಳಿಡಿ. ಆರೋಗ್ಯವಂತ ಕೋಶದ ಬಿರುಸು 0.07. ಅಂದರೆ ಈ ಮಾದರಿ ದೇಹದಲ್ಲಿ, ಅಸಲಿ ಕೋಶದಷ್ಟೇ ಬಿರುಸಾಗಿ ಕೆಲಸ ಮಾಡಬೇಕೆಂದರೆ ತಡ 50 ನಿಮಿಷದೊಳಗೆ ಇರಲೇಬೇಕು. ಅದಕ್ಕೆ ಮೀರಿದರೆ ಸಕ್ಕರೆ ಐದು ಗಂಟೆಗೊಮ್ಮೆ ಏರಿಳಿಯುವ ಉಯ್ಯಾಲೆ ಹತ್ತುತ್ತದೆ. ಎರಡು ಗಂಟೆ ತಡದಲ್ಲಿ ಉಯ್ಯಾಲೆಯ ಅವಧಿ ಎಂಟು ಗಂಟೆ. ಗಡಿಯ ಮೇಲೇ ಯಾರೂ ಯಂತ್ರ ಓಡಿಸುವುದಿಲ್ಲ, ಅರ್ಧಕ್ಕೆ ಇಳಿಸುವುದು ರೂಢಿ. ಹಾಗಾಗಿ ಎರಡು ಗಂಟೆಯ ಕೋಶಕ್ಕೆ 0.02 ಮಾತ್ರ ಕೊಡಬಹುದು. ಅಷ್ಟು ಮೆತ್ತಗಿನ ಕೋಶ ಹಗಲು ರಾತ್ರಿಯ ಬುನಾದಿ ಇನ್ಸುಲಿನ್ ಕೊಡಬಲ್ಲದು. ಊಟದ ಏರಿಕೆಯನ್ನು ತಡೆಯುವುದು ಅದರ ಕೈಲಿ ಆಗುವುದಿಲ್ಲ. ಊಟಕ್ಕೆ ಸೂಜಿ ಉಳಿಯುತ್ತದೆ. ಇದು ಸೋಲೇನಲ್ಲ, ಆದರೆ ಮೊದಲೇ ಗೊತ್ತಿರಬೇಕು.

ಹೆಜ್ಜೆ 5: ತಡ ಎಲ್ಲೆಲ್ಲಿ ಅಡಗಿದೆ, ಪಟ್ಟಿ ಹಾಕಿ

ನಾಲೆಯಲ್ಲಿ ನೀರು ಎಲ್ಲಿ ನಿಂತಿತು ಎಂದು ಒಂದೊಂದೇ ತೂಬಿನ ಹತ್ತಿರ ಹೋಗಿ ನೋಡುವ ಹಾಗೆ.

ತಯಾರಿಕೆಯ ತಡವೇ ಎಲ್ಲಕ್ಕಿಂತ ದೊಡ್ಡದು. ಗ್ಲೂಕೋಸ್ ಕಂಡ ಮೇಲೆ ಜೀನ್ ಓದಲು ಹೊರಡುವ ಕೋಶ ಗಂಟೆಗಳ ಹಿಂದೆ ಬೀಳುತ್ತದೆ. ನಿಲ್ಲಿಸುವಾಗ ಇನ್ನೂ ಕಷ್ಟ: ಜೀನ್ ಆಫ್ ಆದರೂ ಈಗಾಗಲೇ ಬರೆದಿಟ್ಟ ಸಂದೇಶ ಆರ್‌ಎನ್‌ಎ ಕರಗುವ ತನಕ ಇನ್ಸುಲಿನ್ ಬರುತ್ತಲೇ ಇರುತ್ತದೆ. ಪರಿಹಾರ ಕೆಲಸ ಹಂಚುವುದು. ಜೀನ್ ಸದಾ ನಿಧಾನವಾಗಿ ಓಡುತ್ತ ಉಗ್ರಾಣ ತುಂಬಿಡಲಿ, ಗ್ಲೂಕೋಸ್ ಉಗ್ರಾಣದ ಬಾಗಿಲನ್ನು ಮಾತ್ರ ಆಳಲಿ. ರೊಟ್ಟಿ ಬಡಿದು ಬುಟ್ಟಿ ತುಂಬಿಟ್ಟ ಮನೆಯಲ್ಲಿ ನೆಂಟರು ಬಂದ ಕೂಡಲೇ ತಟ್ಟೆ ಇಡಬಹುದು. ಬಂದ ಮೇಲೆ ಜೋಳ ಬೀಸಲು ಕೂತರೆ ಆಗುವುದಿಲ್ಲ.

ಎರಡನೆಯದು ಚೀಲದ ತಡ. ರೋಗನಿರೋಧಕ ಕೋಶಗಳು ಕಡಿಯದಂತೆ, ಕಸಿ ಕೋಶಗಳನ್ನು ಆಲ್ಜಿನೇಟ್ ಎಂಬ ಕಡಲಪಾಚಿಯ ಜೆಲ್ಲಿನೊಳಗೆ ಇಡುವುದುಂಟು. 1980ರಲ್ಲೇ ಲಿಮ್ ಮತ್ತು ಸನ್ ಇದನ್ನು ಇಲಿಗಳಲ್ಲಿ ಮಾಡಿ ತೋರಿಸಿದ್ದರು. ಇನ್ಸುಲಿನ್ ಆ ಜೆಲ್ಲನ್ನು ಹಾದು ಬರಬೇಕು. ವಿಸರಣ ಗುಣಾಂಕ ಸೆಕೆಂಡಿಗೆ 10⁻⁶ ಚದರ ಸೆಂಟಿಮೀಟರ್ ಎಂದು ಅಂದಾಜಿಸಿ, ದೂರದ ವರ್ಗವನ್ನು ಅದರಿಂದ ಭಾಗಿಸಿ. ಕಾಲು ಮಿಲಿಮೀಟರ್‌ಗೆ ಸುಮಾರು 10 ನಿಮಿಷ, ಅರ್ಧ ಮಿಲಿಮೀಟರ್‌ಗೆ ಸುಮಾರು 40 ನಿಮಿಷ. ದಪ್ಪ ಎರಡು ಪಟ್ಟಾದರೆ ತಡ ನಾಲ್ಕು ಪಟ್ಟು. ಮೇಲಿನ 50 ನಿಮಿಷದ ಬಜೆಟ್ಟಿನಲ್ಲಿ ಒಂದು ದಪ್ಪ ಚೀಲವೇ ಮುಕ್ಕಾಲು ಪಾಲು ನುಂಗಿಬಿಡುತ್ತದೆ. ಚೀಲದ ಸುತ್ತ ದೇಹ ನಾರಿನ ಪದರ ಕಟ್ಟಿದರೆ ತಿಂಗಳುಗಳು ಉರುಳಿದಂತೆ ದೂರ ಹೆಚ್ಚುತ್ತದೆ. ಕಸಿ ಮಾಡಿದ ದಿನ ನೆಟ್ಟಗಿದ್ದ ಲೂಪ್ ಆಮೇಲೆ ತೂಗಾಡಬಹುದು. ಹಾಗಾಗಿ ಬಿರುಸನ್ನು ಇವತ್ತಿನ ತಡಕ್ಕಲ್ಲ, ಎರಡು ವರ್ಷದ ಮೇಲಿನ ತಡಕ್ಕೆ ಆರಿಸಿ.

ಮೂರನೆಯದು ಜಾಗ. 2000ದ ಎಡ್ಮಂಟನ್ ಎಂಬ ಕಸಿ ವಿಧಾನದಲ್ಲಿ ದ್ವೀಪಕೋಶಗಳನ್ನು ಯಕೃತ್ತಿಗೆ ಹೋಗುವ ರಕ್ತನಾಳದೊಳಗೇ ಬಿಟ್ಟರು. ಅಲ್ಲಿ ಇನ್ಸುಲಿನ್ ನೇರ ರಕ್ತಕ್ಕೆ ಸೇರುತ್ತದೆ. ಚರ್ಮದಡಿಯಾದರೆ ಏನಾದರೂ ಕೆಟ್ಟಾಗ ತೆಗೆಯುವುದು ಸುಲಭ, ಆದರೆ ರಕ್ತಕ್ಕೆ ಸೇರುವುದು ತಡ.

ಈ ಮೂರನ್ನೂ ಕೂಡಿಸಿ ಬಂದ ನಿಮಿಷವನ್ನು ಹೆಜ್ಜೆ 3ರ ಅಂಕಣಕ್ಕೆ ಹಾಕಿ.

ಹೆಜ್ಜೆ 6: ಮುಚ್ಚುವ ಪರೀಕ್ಷೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದದ್ದು ನಮ್ಮ ಕಡೆಯ ಜನ ಮರೆಯುವ ಹಾಗಿಲ್ಲ. 33 ಗೇಟುಗಳಲ್ಲಿ ಒಂದು ಮುಚ್ಚದಾಯಿತು, ಇಡೀ ಹಂಗಾಮಿನ ನೀರು ಕಣ್ಣೆದುರೇ ಹೋಗತೊಡಗಿತು. ಇಂಜಿನಿಯರ್ ಮಾಡಿದ ಕೋಶದಲ್ಲಿಯೂ ಇದೇ ಭಯ. ಜೀನಿನ ಸ್ವಿಚ್ಚು ಆಫ್ ಇದ್ದಾಗಲೂ ಒಂದಿಷ್ಟು ಸೋರುತ್ತದೆ.

ಹಾಳೆಯಲ್ಲಿ ಎರಡು ಪ್ರಯೋಗ ಮಾಡಿ. ಮೊದಲನೆಯದರಲ್ಲಿ ಹೆಜ್ಜೆ 2ರ 10.57 ಅನ್ನು ಎರಡು ಪಟ್ಟು ಮಾಡಿ, ಅಂದರೆ ತಪ್ಪಿ ಎರಡರಷ್ಟು ಕೋಶ ಕಸಿ ಮಾಡಿದಂತೆ. ಖಾಲಿ ಹೊಟ್ಟೆಯ ಗ್ಲೂಕೋಸ್ 90ರಿಂದ ಸುಮಾರು 78ಕ್ಕೆ ಇಳಿದು ನಿಲ್ಲುತ್ತದೆ. ಅರ್ಧ ಕೋಶ ಸತ್ತರೆ 104. ಎರಡೂ ಬದುಕಬಹುದಾದ ಅಂಕಿ. ಲೂಪ್ ತನ್ನನ್ನು ತಾನೇ ಸಂಭಾಳಿಸಿಕೊಳ್ಳುತ್ತದೆ, ಏಕೆಂದರೆ ಗ್ಲೂಕೋಸ್ ಇಳಿದಂತೆ ಕೋಶ ಬಾಗಿಲು ಮುಚ್ಚುತ್ತದೆ.

ಎರಡನೆಯದರಲ್ಲಿ ಗ್ಲೂಕೋಸ್ ಎಷ್ಟೇ ಇರಲಿ 2.8 ಸೋರುತ್ತಲೇ ಇರಲಿ, ಬುನಾದಿಯ ಎರಡು ಪಟ್ಟು ಮಾತ್ರ. ಗ್ಲೂಕೋಸ್ ಹೋಗಿ 52ಕ್ಕೆ ನಿಲ್ಲುತ್ತದೆ. ರಾತ್ರಿಯಿಡೀ 52.

ಈ ಎರಡು ಅಂಕಿಗಳು, 78 ಮತ್ತು 52, ಗೋಡೆಗೆ ಬರೆದು ಅಂಟಿಸಿಕೊಳ್ಳುವಂಥವು ಎಂದು ನನ್ನ ಎಣಿಕೆ. ಗರಿಷ್ಠ ಸ್ರಾವ ಎರಡು ಪಟ್ಟಾದರೆ ದೇಹ ತಡೆದುಕೊಳ್ಳುತ್ತದೆ, ಸೋರಿಕೆಯನ್ನು ತಡೆದುಕೊಳ್ಳುವುದಿಲ್ಲ. ಕೋಶ ಆರಿಸುವಾಗ ಹೆಚ್ಚು ಇನ್ಸುಲಿನ್ ಕೊಡುವ ತಳಿಯ ಹಿಂದೆ ಬೀಳುವುದಕ್ಕಿಂತ, ಗ್ಲೂಕೋಸ್ 60ರಲ್ಲಿ ಗಟ್ಟಿಯಾಗಿ ಮುಚ್ಚುವ ತಳಿ ಹುಡುಕುವುದು ಲೇಸು.

ಹೆಜ್ಜೆ 7: ಉಳಿಯುವ ಕೊರತೆಗೆ ಇಂಟೆಗ್ರಲ್

ದೇಹ ದಿನಕ್ಕೊಂದು ಥರ ಇರುತ್ತದೆ. ಜ್ವರ ಬಂದರೆ, ತೂಕ ಏರಿದರೆ, ಹುಡುಗಿ ದೊಡ್ಡವಳಾದರೆ ಇನ್ಸುಲಿನ್ ಕೆಲಸ ಮಾಡುವುದು ಕಡಿಮೆಯಾಗುತ್ತದೆ. ಪರಿಣಾಮದ ಸಾಲಿನ 0.000016 ಅನ್ನು ಅರ್ಧ ಮಾಡಿ ನೋಡಿ. ಸ್ರಾವ 1.4ಕ್ಕೇ ಕಟ್ಟಿಹಾಕಿದ್ದರೆ ಖಾಲಿ ಹೊಟ್ಟೆಯ ಗ್ಲೂಕೋಸ್ 141. ನೇರಗೆರೆಯ ಬಿರುಸು 0.02 ಇದ್ದರೆ 116. 0.07 ಇದ್ದರೆ 103. ಬಿರುಸು ಹೆಚ್ಚಾದಷ್ಟೂ ಕೊರತೆ ಕಡಿಮೆ, ಪೂರಾ ಹೋಗುವುದಿಲ್ಲ. ಪೂರಾ ಹೋಗಬೇಕೆಂದರೆ ಹಿಂದಿನ ತಪ್ಪುಗಳನ್ನೆಲ್ಲ ಕೂಡಿಸಿ ನೆನಪಿಟ್ಟುಕೊಳ್ಳುವ ಭಾಗ ಬೇಕು, ಅದೇ ಇಂಟೆಗ್ರಲ್.

ಜೀವಕೋಶ ಹೇಗೆ ಕೂಡುತ್ತದೆ? 2016ರಲ್ಲಿ ಬ್ರಿಯಾ, ಗುಪ್ತಾ ಮತ್ತು ಖಮ್ಮಾಶ್ ಕೊಟ್ಟ ಉಪಾಯ ಬಹಳ ಚೆಂದ. ಎರಡು ಅಣುಗಳು. ಒಂದು ಸದಾ ಒಂದೇ ಗತಿಯಲ್ಲಿ ಹುಟ್ಟುತ್ತದೆ, ಅದು ಗುರಿ. ಇನ್ನೊಂದು ಅಳತೆಗೆ ತಕ್ಕಂತೆ ಹುಟ್ಟುತ್ತದೆ. ಎರಡೂ ಎದುರಾದರೆ ಒಂದಕ್ಕೊಂದು ತಬ್ಬಿ ಇಬ್ಬರೂ ಇಲ್ಲವಾಗುತ್ತಾರೆ. ಕೊನೆಗೆ ಮಿಕ್ಕಿದ್ದು ಇಲ್ಲಿಯವರೆಗಿನ ತಪ್ಪುಗಳ ಮೊತ್ತ. 2019ರಲ್ಲಿ ಖಮ್ಮಾಶ್ ಅವರ ತಂಡ ಇದನ್ನು ಬ್ಯಾಕ್ಟೀರಿಯಾದಲ್ಲಿ ಕಟ್ಟಿ ತೋರಿಸಿತು, ಆಮೇಲೆ ಸಸ್ತನಿ ಕೋಶಕ್ಕೂ ತಂದಿತು. ಒಂದೇ ತೊಡಕು: ಕೋಶ ಒಡೆದು ಎರಡಾದಾಗ ಅಣುಗಳೂ ಹಂಚಿಹೋಗಿ ನೆನಪು ಮಾಸುತ್ತದೆ. ಹಾಗಾಗಿ ಒಡೆಯದೆ ನಿಂತ ಕೋಶವೇ ಇದಕ್ಕೆ ಒಳ್ಳೆಯ ಮನೆ.

ಹಾಳೆಯಲ್ಲಿ ಹೊಸ ಅಂಕಣ "ಮೊತ್ತ" ಸೇರಿಸಿ: ಪ್ರತಿ ನಿಮಿಷ ಗ್ಲೂಕೋಸ್ − 90 ಅನ್ನು ಕೂಡುತ್ತ ಹೋಗಿ, ಅದರ ಅತಿ ಸಣ್ಣ ಪಾಲನ್ನು ಸ್ರಾವಕ್ಕೆ ಸೇರಿಸಿ. ಎಷ್ಟು ಸಣ್ಣದೆಂದರೆ ಒಂದು ಊಟಕ್ಕೆ ಅದು ಅಲುಗಲೇಬಾರದು, ದಿನಗಳ ಲೆಕ್ಕದಲ್ಲಿ ಮಾತ್ರ ಸರಿಯಬೇಕು. ನಿಸರ್ಗವೂ ಹಾಗೇ ಮಾಡುತ್ತದೆ: ಬೀಟಾ ಕೋಶಗಳ ಒಟ್ಟು ಪ್ರಮಾಣ ಗ್ಲೂಕೋಸ್‌ಗೆ ತಕ್ಕಂತೆ ವಾರಗಳಲ್ಲಿ ಏರಿಳಿಯುವುದನ್ನು ನಿಧಾನದ ಇಂಟೆಗ್ರಲ್ ಎಂದು 2000ದಲ್ಲಿ ಟಾಪ್ ಮತ್ತು ಸಂಗಡಿಗರ ಮಾದರಿಯಿಂದ ಓದಬಹುದು. ಮೊತ್ತಕ್ಕೆ ಮೇಲೊಂದು ಮಿತಿ ಹಾಕುವುದನ್ನು ಮರೆಯಬೇಡಿ. ಮೂರು ದಿನ ಮದುವೆ ಊಟ ಉಂಡು ಮೊತ್ತ ಬೆಳೆದರೆ, ನಾಲ್ಕನೇ ದಿನ ಗಂಜಿ ಕುಡಿದ ರಾತ್ರಿ ಅದು ಕೆಳಗೆ ಬೀಳಿಸುತ್ತದೆ.

ಇಲ್ಲೊಂದು ಎಚ್ಚರಿಕೆ. ನಿಸರ್ಗವನ್ನು ನೋಡಿ, ಗ್ಲೂಕೋಸ್ ಏರಿದರೆ ನಮ್ಮ ಕೋಶಗಳೂ ಹೆಚ್ಚಾಗಲಿ ಎಂದು ಕಟ್ಟಬೇಡಿ. ಗ್ಲೂಕೋಸನ್ನು ಇದ್ದುದಕ್ಕಿಂತ ಹೆಚ್ಚು ಎಂದು ತಪ್ಪಾಗಿ ಓದುವ ಒಂದು ರೂಪಾಂತರಿ ಕೋಶ ಹುಟ್ಟಿದರೆ, ಅದೇ ಬೆಳೆದು ಉಳಿದವನ್ನು ನುಂಗಿ ಸಕ್ಕರೆಯನ್ನು ಕೆಳಕ್ಕೆ ಎಳೆಯುತ್ತದೆ. ಅತಿ ಹೆಚ್ಚು ಗ್ಲೂಕೋಸ್ ಬೀಟಾ ಕೋಶಕ್ಕೆ ವಿಷವಾಗುವುದು ಇಂಥವನ್ನು ಕಳೆ ಕೀಳುವ ನಿಸರ್ಗದ ದಾರಿ ಇರಬಹುದು ಎಂದು ಉರಿ ಆಲೊನ್ ಮತ್ತು ಓಮರ್ ಕರಿನ್ ವಾದಿಸಿದ್ದಾರೆ. ನಮ್ಮ ಕೋಶಕ್ಕೆ ಆ ಕಳೆ ಕೀಳುವ ಕೈ ಇಲ್ಲ.

ಹೆಜ್ಜೆ 8: ಮೊದಲ ಚಿಮ್ಮು

ಗ್ಲೂಕೋಸ್ ಥಟ್ಟನೆ ಏರಿದರೆ ಅಸಲಿ ಬೀಟಾ ಕೋಶ ಮೊದಲ ಐದು ಹತ್ತು ನಿಮಿಷ ಒಂದು ಚಿಮ್ಮು ಚಿಮ್ಮಿ, ಆಮೇಲೆ ನಿಧಾನ ಧಾರೆಗೆ ಇಳಿಯುತ್ತದೆ. ಬಾಗಿಲ ಬಳಿಯೇ ಜೋಡಿಸಿಟ್ಟ ಪೊಟ್ಟಣಗಳು ಮೊದಲು ಖಾಲಿಯಾಗುವುದರಿಂದ ಹೀಗಾಗುತ್ತದೆ. ನಿಯಂತ್ರಣದ ಭಾಷೆಯಲ್ಲಿ ಇದು ಡೆರಿವೇಟಿವ್. ಗ್ಯಾರಿ ಸ್ಟೀಲ್ ಇದನ್ನು ಹಿಡಿದೇ ಇನ್ಸುಲಿನ್ ಪಂಪಿಗೆ ಪಿಐಡಿ, ಅಂದರೆ ಬಿರುಸು, ಇಂಟೆಗ್ರಲ್, ಡೆರಿವೇಟಿವ್ ಮೂರನ್ನೂ ಕೂಡಿಸುವ ನಿಯಮ ಬರೆದರು. ಹಾಳೆಯಲ್ಲಿ ಗ್ಲೂಕೋಸ್ ಏರುತ್ತಿರುವ ವೇಗದ ಒಂದು ಪಾಲನ್ನು, ಏರುವಾಗ ಮಾತ್ರ, ಸ್ರಾವಕ್ಕೆ ಸೇರಿಸಿ. ತಡ 10 ನಿಮಿಷದೊಳಗಿದ್ದರೆ ಊಟದ ಶಿಖರ ತಗ್ಗುತ್ತದೆ. ತಡ ಎರಡು ಗಂಟೆ ಇದ್ದರೆ ಈ ಚಿಮ್ಮು ಊಟ ಕರಗಿದ ಮೇಲೆ ಬಂದು ಹಾನಿ ಮಾಡುತ್ತದೆ. ಹಾಗಾಗಿ ಹೆಜ್ಜೆ 5 ಮುಗಿಸದೆ ಇಲ್ಲಿಗೆ ಬರಬೇಡಿ.

ಹೆಜ್ಜೆ 9: ನೂರು ದೇಹಗಳಲ್ಲಿ ಓಡಿಸಿ

ಒಂದು ದೇಹದಲ್ಲಿ ಸರಿ ಬಂದದ್ದನ್ನು ನಂಬಬೇಡಿ. 0.99, 0.003, 0.000016, ತಡ, ಈ ನಾಲ್ಕನ್ನೂ ಶೇ. 30ರಷ್ಟು ಹಿಂದೆ ಮುಂದೆ ಯಾದೃಚ್ಛಿಕವಾಗಿ ಅಲುಗಿಸಿ ನೂರು ಸಲ ಓಡಿಸಿ. ಸರಾಸರಿ ನೋಡಬೇಡಿ, ಅತಿ ಕೆಟ್ಟ ಐದನ್ನು ನೋಡಿ. 70ರಿಂದ 180ರೊಳಗೆ ಎಷ್ಟು ಹೊತ್ತು ಇದ್ದರು, 54ರ ಕೆಳಗೆ ಒಂದು ನಿಮಿಷವಾದರೂ ಹೋದರೇ ಎಂದು ಬರೆದಿಡಿ. ಇದು ಹವ್ಯಾಸದ ಆಟವೆಂದು ತಿಳಿಯಬೇಡಿ: ಟೈಪ್ 1 ದೇಹವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಯುವಿಎ-ಪಡೋವಾ ಸಿಮ್ಯುಲೇಟರನ್ನು 2008ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ, ಕೃತಕ ಮೇದೋಜೀರಕದ (ತಾನೇ ಅಳೆದು ಇನ್ಸುಲಿನ್ ಬಿಡುವ ಪಂಪಿನ) ನಿಯಮಗಳಿಗೆ ಪ್ರಾಣಿ ಪರೀಕ್ಷೆಯ ಬದಲು ಒಪ್ಪಿಕೊಂಡಿತು.

ಹೆಜ್ಜೆ 10: ಪ್ರಯೋಗಾಲಯಕ್ಕೆ ಏನು ಕೇಳಬೇಕು

ಕೋಶ ಬೆಳೆಸುವವರು ಸಾಮಾನ್ಯವಾಗಿ ಗ್ಲೂಕೋಸ್ 2.8 ಮಿಲಿಮೋಲ್‌ನಿಂದ 16.7ಕ್ಕೆ ಎತ್ತಿ, ಇನ್ಸುಲಿನ್ ಎಷ್ಟು ಪಟ್ಟು ಹೆಚ್ಚಿತು ಎಂದು ಹೇಳುತ್ತಾರೆ. ಅಂದರೆ 50ರಿಂದ 300 ಮಿಲಿಗ್ರಾಂಗೆ ಜಿಗಿತ. ಅದು ಬೇಕು, ಸಾಲದು. ಜೀವಶಾಸ್ತ್ರದ ಗೆಳೆಯರ ಜೊತೆ ಕೂತಾಗ ನಾನು ಕೇಳುವುದು ಇಷ್ಟು. ಕೋಶಗಳ ಮೇಲೆ ದ್ರವ ಹರಿಯುತ್ತಿರುವಾಗಲೇ ನಿಮಿಷಕ್ಕೊಮ್ಮೆ ಮಾದರಿ ತೆಗೆಯಿರಿ. ಜಿಗಿತ 90ರಿಂದ 180ಕ್ಕಿರಲಿ, ದೇಹ ಬದುಕುವುದು ಅಲ್ಲೇ. ಅರ್ಧ ಏರಲು ಎಷ್ಟು ನಿಮಿಷ ಹಿಡಿಯಿತು ಬರೆಯಿರಿ. ಆಮೇಲೆ 180ರಿಂದ 60ಕ್ಕೆ ಇಳಿಸಿ, ಅರ್ಧ ಇಳಿಯಲು ಎಷ್ಟು ನಿಮಿಷ ಎಂಬುದನ್ನೂ ಬರೆಯಿರಿ. 60ರಲ್ಲಿ ಒಂದು ಗಂಟೆ ಕಾದು ಸೋರಿಕೆ ಅಳೆಯಿರಿ. ಚೀಲವಿದ್ದರೆ ಚೀಲದ ಸಮೇತ ಅಳೆಯಿರಿ. ಏರುವ ಮತ್ತು ಇಳಿಯುವ ನಿಮಿಷಗಳಲ್ಲಿ ದೊಡ್ಡದನ್ನು ಹೆಜ್ಜೆ 4ಕ್ಕೆ ತೆಗೆದುಕೊಂಡು ಹೋಗಿ. ಎಷ್ಟು ಬಿರುಸು ಕೊಡಬಹುದು ಎಂಬ ಉತ್ತರ ಅಲ್ಲಿ ಸಿಗುತ್ತದೆ. ಇಳಿಯುವ ಕಾಲ ಏರುವ ಕಾಲಕ್ಕಿಂತ ದೊಡ್ಡದಿದ್ದರೆ, ಆ ಕೋಶಕ್ಕೆ ಇನ್ಸುಲಿನ್ ಹೆಚ್ಚಿಸುವ ಕೆಲಸವನ್ನು ಸದ್ಯ ಬಿಟ್ಟು, ಪೊಟ್ಟಣದ ದಾರಿಗೆ ತಿರುಗಿ.

ನಮ್ಮ ಹಾಳೆ ಈಗ ತಂಗಿಯ ಮಗಳ ಲ್ಯಾಪ್‌ಟಾಪಿನಲ್ಲಿದೆ. ತಡದ ಕೋಷ್ಠಕಕ್ಕೆ ಅವಳು ಕೆಂಪು ಬಣ್ಣ ಬಳಿದಿದ್ದಾಳೆ. ಹೊಸ ಕೋಶದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಅವಳದ್ದು ಒಂದೇ ಪ್ರಶ್ನೆ: "ಮಾಮಾ, ಇದು ನಿಲ್ಲಾಕ ಎಷ್ಟು ನಿಮಿಷ ತಗೋತದಂತ?"